ಮೋಟ್ರು ಮನೆ ಬೀಗದ ಕೈ, ವೆಬ್‌ಸೈಟಿನ ಪ್ಲಗಿನ್ನು

ಇವತ್ತಿನ ಬರಹ ಅಡಿಕೆ ಬಗ್ಗೆ ಅಲ್ಲ ಅಂತ ಮೊದಲೇ ಹೇಳಿಬಿಡ್ತೀನಿ. ಹಿಡಿಮುಂಡಿಗೆ ರೋಗದ ಮೂರನೇ ಭಾಗ ಕಾಯ್ತಿರೋರು ಒಂದು ವಾರ ತಡ್ಕೊಳ್ಳಿ.

ಹೋದ ಭಾನುವಾರ ಹೊನ್ನಾಳಿ ಕಡೆಯಿಂದ ಅಡಿಕೆ ಸಸಿ ನರ್ಸರಿ ಮಾಡೋ ಹುಡುಗನೊಬ್ಬ ಫೋನ್ ಮಾಡಿದ್ದ. ಈ ಪೇಜಿನ ಹಳೇ ಓದುಗ. "ಅಣ್ಣಾರೆ, ಸಸಿ ಬುಕ್ಕಿಂಗಿಗೆ ಅಂತ ವರ್ಡ್‌ಪ್ರೆಸ್‌ನಲ್ಲಿ ಒಂದು ವೆಬ್‌ಸೈಟ್ ಮಾಡಿಸಿದ್ದೆ. ಈಗ ಅದರ ಥೀಮ್ ಬದಲಾಯಿಸ್ಬೇಕು, ಹೆಸರು ಫೋನ್ ನಂಬರ್ ತುಂಬೋ ಒಂದು ಫಾರಂ ಹಾಕ್ಬೇಕು. ಮಾಡಿಕೊಟ್ಟೋರು 'ಫೈಲೆಲ್ಲ ಟ್ರಾನ್ಸ್‌ಫರ್ ಮಾಡ್ಬೇಕಾಗುತ್ತೆ, ಮೂರು ಸಾವಿರ ಕೊಡಿ' ಅಂತಾರೆ. ಕೊಡ್ಲಾ, ಬ್ಯಾಡ್ವಾ?" ಅಂದ.

ನಾನು ಕೇಳಿದ್ದು ಒಂದೇ ಮಾತು. "ನೀನು ಲಾಗಿನ್ ಆದಾಗ ಎಡಗಡೆ ಕಪ್ಪು ಪಟ್ಟಿ ಬರುತ್ತಲ್ಲ, ಅದರಲ್ಲಿ ಪ್ಲಗಿನ್ಸ್ ಅಂತ ಐತಾ ನೋಡಪ್ಪ."

ಒಂದು ನಿಮಿಷ ಸುಮ್ಮನಿದ್ದು ಹೇಳಿದ. "ಇಲ್ಲ ಅಣ್ಣಾರೆ. ಪೋಸ್ಟ್ಸು, ಮೀಡಿಯಾ, ಪೇಜಸ್ಸು, ಕಾಮೆಂಟ್ಸು, ಪ್ರೊಫೈಲು, ಟೂಲ್ಸು. ಅಷ್ಟೇ ಅದಾವೆ."

ನನಗೆ ನಗು ಬಂತು. ಯಾಕಂದ್ರೆ ಐದು ವರ್ಷ ನಾನು ನೋಡ್ಕೊಂಡು ಕೂತಿದ್ದೂ ಅದೇ ಗಿಡ್ಡ ಪಟ್ಟಿ. ಅವನಿಗೆ ಫೋನಲ್ಲಿ ಹೇಳಿದ್ದನ್ನ ಇಲ್ಲಿ ವಿವರವಾಗಿ ಬರೀತಿದೀನಿ. ನಿಮ್ಮಲ್ಲೂ ಬೆಲ್ಲ, ಜೇನು, ಸಸಿ ಮಾರೋಕೆ ವೆಬ್‌ಸೈಟ್ ಮಾಡಿಸಿದೋರು ಇದೀರಿ, ಉಪಯೋಗಕ್ಕೆ ಬಂದ್ರೂ ಬರಬಹುದು.

ಗೊತ್ತಿಲ್ಲದೋರಿಗೆ ಎರಡು ಮಾತು. ವರ್ಡ್‌ಪ್ರೆಸ್ ಅನ್ನೋದು ಟ್ರ್ಯಾಕ್ಟರ್ ಇದ್ದಂಗೆ. 2003ರಲ್ಲಿ ಶುರುವಾಗಿದ್ದು, ಪುಕ್ಕಟೆ ಸಿಗುತ್ತೆ. ಪ್ಲಗಿನ್ ಅಂದ್ರೆ ಅದರ ಹಿಂದೆ ಕಟ್ಟೋ ರೋಟವೇಟರು, ಟ್ರೈಲರು, ಕಲ್ಟಿವೇಟರು. ಯಾವ ಕೆಲಸ ಬೇಕೋ ಅದನ್ನ ತಗಲಿಸ್ಕೋಬೇಕು. ಥೀಮ್ ಅಂದ್ರೆ ಮೇಲಿನ ಬಾಡಿ, ಬಣ್ಣ, ಸೀಟು. ಟ್ರ್ಯಾಕ್ಟರ್ ನಿಲ್ಲಿಸೋಕೆ ಒಂದು ಶೆಡ್ ಬೇಕಲ್ಲ, ಅದು ಸರ್ವರ್. ವರ್ಷಕ್ಕಿಷ್ಟು ಅಂತ ಬಾಡಿಗೆ ಕಟ್ಟಿ ಎಲ್ಲೋ ದೂರದಲ್ಲಿರೋ ಒಂದು ಕಂಪ್ಯೂಟರಿನಲ್ಲಿ ಜಾಗ ತಗೊಂಡಿರ್ತೀವಿ.

ನಮಗೆ ವೆಬ್‌ಸೈಟ್ ಯಾಕೆ ಬೇಕಾಯ್ತು ಅಂದ್ರೆ ಅಪ್ಪನ ಮಳೆ ಲೆಕ್ಕದಿಂದ. ನಮ್ಮಪ್ಪ 1984ರಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಕಣದ ಮೂಲೆಯಲ್ಲಿದ್ದ ಮಳೆ ಅಳೆಯೋ ಡಬ್ಬಿ ನೋಡಿ ನೋಟ್‌ಬುಕ್ಕಿನಲ್ಲಿ ಬರೀತಿದ್ರು. ಹವಾಮಾನ ಇಲಾಖೆಯೋರು ಅಳೆಯೋ ಹೊತ್ತೂ ಎಂಟೂವರೆನೇ ಅಂತ ಎಲ್ಲೋ ಕೇಳ್ಕೊಂಡು ಬಂದಿದ್ರು. ಮದುವೆ ಮನೆಗೆ ಹೋದ್ರೂ ಡಬ್ಬಿ ನೋಡೋಕೆ ಒಬ್ಬರನ್ನ ನೇಮಿಸಿಯೇ ಹೋಗೋರು. 2011ರಲ್ಲಿ ತೀರ್ಕೊಂಡ್ರು. ಆಮೇಲೆ ಆ ಕೆಲಸ ನನಗೆ ಬಂತು. ನೋಟ್‌ಬುಕ್ಕಿಗೆ ಗೆದ್ದಲು ಹಿಡಿಯೋಕೆ ಶುರುವಾದಾಗ ತಮ್ಮನ ಮಗ, ಆಗ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದ, "ದೊಡ್ಡಪ್ಪ, ಇದನ್ನೆಲ್ಲ ನೆಟ್ಟಿಗೆ ಹಾಕೋಣ" ಅಂದ. 2014ರ ಯುಗಾದಿ ರಜೆಯಲ್ಲಿ ಕೂತು ಮಾಡಿಕೊಟ್ಟ. ಉಚಿತ ಖಾತೆ ತೆರೆದ್ರೆ ಪ್ಲಗಿನ್ ಹಾಕೋಕೆ ಬರಲ್ಲ ಅಂತ ದುಡ್ಡು ಕಟ್ಟಿ ಜಾಗ ತಗೊಂಡ್ವಿ. ಆ ವರ್ಷದ ಗೊರಬಲು ಮಾರಿದ ದುಡ್ಡು ಅದಕ್ಕೇ ಹೋಯ್ತು.

ಬರೆಯೋದು ನಾನು ಬೇಗ ಕಲಿತೆ. ನುಡಿಯಲ್ಲಿ ಟೈಪ್ ಮಾಡೋದು ಮೊದಲೇ ಬರ್ತಿತ್ತು. ಆದ್ರೆ ಹೊಸದೊಂದು ಸೇರಿಸ್ಬೇಕು ಅಂದ್ರೆ ಹುಡುಗನೇ ಬರಬೇಕಿತ್ತು. ಮಳೆ ಲೆಕ್ಕ ಕೋಷ್ಟಕದ ಥರ ಕಾಣಿಸ್ಬೇಕು ಅಂದ್ರೆ ಒಂದು ಪ್ಲಗಿನ್. ಫೋಟೋ ಸಣ್ಣದು ಮಾಡೋಕೆ ಒಂದು ಪ್ಲಗಿನ್. ಅವನು ಭಾನುವಾರ ಬಂದು ಲ್ಯಾಪ್‌ಟಾಪಿಗೆ ಡಾಂಗಲ್ ಚುಚ್ಚಿ, ಫೈಲ್‌ಝಿಲ್ಲಾ ಅನ್ನೋ ಒಂದು ಸಾಫ್ಟ್‌ವೇರ್ ತೆಗೆಯೋನು. ಎಡಗಡೆ ನಮ್ಮ ಕಂಪ್ಯೂಟರಿನ ಫೈಲು, ಬಲಗಡೆ ಸರ್ವರಿನ ಫೈಲು. ಎಡಗಡೆಯಿಂದ ಬಲಗಡೆಗೆ ಎಳೆದು ಬಿಡೋದು. ಕೇಳೋಕೆ ಸುಲಭ. ಒಂದು ಥೀಮ್ ಅಂದ್ರೆ ಒಂದೇ ಫೈಲ್ ಅಲ್ಲ, ನೂರಾರು ಚಿಲ್ಲರೆ ಫೈಲು. ಒಂದೊಂದೇ ಹೋಗಬೇಕು. ಡಾಂಗಲ್ಲಿಗೆ ಸಿಗ್ನಲ್ ಸಿಗಲಿ ಅಂತ ಕಿಟಕಿ ಕಂಬಿಗೆ ದಾರ ಕಟ್ಟಿ ನೇತು ಹಾಕ್ತಿದ್ವಿ.

ಒಂದು ಸಲ ಮೂರು ಗಂಟೆ ಕಾದು, ಇನ್ನೇನು ಮುಗೀತು ಅನ್ನೋವಾಗ ಕರೆಂಟ್ ಹೋಯ್ತು. ಲ್ಯಾಪ್‌ಟಾಪಿನ ಬ್ಯಾಟರಿ ಮೊದಲೇ ಸತ್ತಿತ್ತು. ಅರ್ಧ ಫೈಲ್ ಹೋಗಿತ್ತು, ಅರ್ಧ ಇಲ್ಲೇ ಇತ್ತು. ವೆಬ್‌ಸೈಟ್ ತೆಗೆದ್ರೆ ಬರೀ ಬಿಳಿ ಹಾಳೆ. ಹುಡುಗ ರಾತ್ರಿ ಬಸ್ಸಿಗೆ ಹೋಗಬೇಕಿತ್ತು. ಮುಂದಿನ ಭಾನುವಾರದವರೆಗೂ ಹಾಗೇ ಬಿಳಿ ಹಾಳೆ. ಮಳೆಗಾಲದ ನಡುವೆ ಎಂಟು ದಿನ ನಾನು ಲೆಕ್ಕ ಹಾಕೋಕಾಗಲಿಲ್ಲ.

ಒಂದು ಮಾತು ಹೇಳಬೇಕು. ಹೀಗೆ ಫೈಲ್ ಸಾಗಿಸೋ ಪದ್ಧತಿಗೆ ಎಫ್‌ಟಿಪಿ ಅಂತಾರೆ. ಅದರ ಮೊದಲ ನಿಯಮಾವಳಿ ಬರೆದೋರು ನಮ್ಮ ದೇಶದೋರೇ, ಅಭಯ್ ಭೂಷಣ್. ಕಾನ್ಪುರ ಐಐಟಿಯ ಮೊದಲ ತಂಡದ ವಿದ್ಯಾರ್ಥಿ. ಅಮೆರಿಕದ ಎಂಐಟಿಯಲ್ಲಿದ್ದಾಗ 1971ರ ಏಪ್ರಿಲ್‌ನಲ್ಲಿ ಬರೆದದ್ದು. ನಾನಿನ್ನೂ ಅಂಗನವಾಡಿ ವಯಸ್ಸಿಗೂ ಬಂದಿರಲಿಲ್ಲ. ಅಷ್ಟು ಹಳೇದು ಇನ್ನೂ ನಡೀತಿದೆ ಅಂದ್ರೆ ಗಟ್ಟಿ ಕೆಲಸವೇ ಸರಿ. ಆದ್ರೆ ಅದು ಹುಟ್ಟಿದ ಕಾಲದಲ್ಲಿ ಕಳ್ಳರಿರಲಿಲ್ಲ. ಪಾಸ್‌ವರ್ಡನ್ನೂ ಮುಚ್ಚುಮರೆ ಇಲ್ಲದೆ ಹಾಗೇ ಕಳಿಸುತ್ತೆ, ದಾರಿಯಲ್ಲಿ ಯಾರಾದ್ರೂ ಕೂತಿದ್ರೆ ಓದ್ಕೋಬಹುದು. ಇದು ನನಗೆ ಗೊತ್ತಾಗಿದ್ದು ಬಹಳ ತಡವಾಗಿ. ಅಷ್ಟೊತ್ತಿಗೆ ಚನ್ನಗಿರಿ ಸೈಬರ್‌ನಲ್ಲಿ ಕೂತು ಎಷ್ಟು ಸಲ ಆ ಪಾಸ್‌ವರ್ಡ್ ಹೊಡೆದಿದ್ವೋ ಲೆಕ್ಕ ಇಲ್ಲ.

2019ರಲ್ಲಿ ಹುಡುಗನಿಗೆ ಜರ್ಮನಿಯಲ್ಲಿ ಕೆಲಸ ಸಿಕ್ಕಿತು. ಹೊರಡೋ ಹಿಂದಿನ ರಾತ್ರಿ ನಮ್ಮನೆಗೆ ಊಟಕ್ಕೆ ಬಂದಿದ್ದ. ಊಟ ಆದ ಮೇಲೆ ಒಂದು ಹಾಳೆ ಕೊಟ್ಟ. ಅದರಲ್ಲಿ ನಾಲ್ಕು ಪಾಸ್‌ವರ್ಡ್ ಬರೆದಿತ್ತು. "ದೊಡ್ಡಪ್ಪ, ನಿಮ್ಮನ್ನ ಅಡ್ಮಿನ್ ಮಾಡಿದೀನಿ. ಇನ್ಮೇಲೆ ಎಲ್ಲ ನೀವೇ ಮಾಡ್ಕೋಬಹುದು" ಅಂದ.

"ಇಷ್ಟು ದಿನ ನಾನು ಏನಾಗಿದ್ದೆ?"

"ಎಡಿಟರ್. ಬರೀಬಹುದು, ತಿದ್ದಬಹುದು ಅಷ್ಟೇ."

ಅವನ ಮುಂದೆನೇ ಲಾಗಿನ್ ಆದೆ. ಎಡಗಡೆ ಪಟ್ಟಿ ಉದ್ದ ಆಗಿತ್ತು! ಅಪಿಯರೆನ್ಸ್, ಪ್ಲಗಿನ್ಸ್, ಯೂಸರ್ಸ್, ಸೆಟ್ಟಿಂಗ್ಸ್. ಪ್ಲಗಿನ್ಸ್ ಒತ್ತಿದ್ರೆ ಆ್ಯಡ್ ನ್ಯೂ ಅಂತ ಇತ್ತು. ಅದನ್ನ ಒತ್ತಿದ್ರೆ ಸಾವಿರಾರು ಪ್ಲಗಿನ್ನಿನ ಅಂಗಡಿನೇ ತೆರೆಯಿತು. ಪ್ರತಿಯೊಂದರ ಪಕ್ಕ ಇನ್‌ಸ್ಟಾಲ್ ನೌ ಅಂತ ಗುಂಡಿ. ಫೈಲ್‌ಝಿಲ್ಲಾ ಇಲ್ಲ, ಡಾಂಗಲ್ ನೇತು ಹಾಕೋದಿಲ್ಲ. "ಇದು ಯಾವಾಗ ಬಂತೋ?" ಅಂತ ಕೇಳಿದೆ. ಹುಡುಗ ತಲೆ ಕೆರ್ಕೊಂಡ. "ಮೊದಲಿಂದಾನೂ ಇತ್ತು ದೊಡ್ಡಪ್ಪ."

ಆಮೇಲೆ ಹುಡುಕಿ ನೋಡ್ದೆ. ಪ್ಲಗಿನ್ ಹಾಕೋ ಗುಂಡಿ ಬಂದಿದ್ದು ವರ್ಡ್‌ಪ್ರೆಸ್ 2.7ರಲ್ಲಿ, 2008ರ ಡಿಸೆಂಬರ್. ಥೀಮ್ ಹಾಕೋ ಗುಂಡಿ 2.8ರಲ್ಲಿ, 2009ರ ಜೂನ್. ಅಂದ್ರೆ ನಾವು ವೆಬ್‌ಸೈಟ್ ಶುರು ಮಾಡೋಕೆ ಐದು ವರ್ಷ ಮುಂಚೇನೇ ಹೊತ್ತು ಹಾಕೋ ಕೆಲಸ ಮುಗಿದಿತ್ತು. ಹುಡುಗನನ್ನ ಪೂರ್ತಿ ಬೈಯೋ ಹಾಗೂ ಇಲ್ಲ. ಮೊದಲ ದಿನ ಅವನೂ ಆ ಗುಂಡಿ ಒತ್ತಿದ್ದನಂತೆ. ಆಗ ನಮ್ಮ ಶೆಡ್ಡಿನಲ್ಲಿ ಏನೋ ತೊಡಕಿತ್ತು. ಗುಂಡಿ ಒತ್ತಿದ್ರೆ 'ಎಫ್‌ಟಿಪಿ ಹೆಸರು, ಪಾಸ್‌ವರ್ಡ್ ಕೊಡಿ' ಅಂತ ಕೇಳ್ತಿತ್ತಂತೆ. ಸರ್ವರಿನಲ್ಲಿ ಫೈಲುಗಳ ಯಜಮಾನ ಒಬ್ಬ, ವರ್ಡ್‌ಪ್ರೆಸ್ ಓಡಿಸೋನು ಇನ್ನೊಬ್ಬ ಅಂತ ದಾಖಲಾಗಿದ್ರೆ ಹಾಗೆ ಕೇಳುತ್ತೆ. ಪಹಣಿ ಒಬ್ಬರ ಹೆಸರಲ್ಲಿದ್ದು ಉಳುಮೆ ಇನ್ನೊಬ್ಬರು ಮಾಡ್ತಿದ್ರೆ ಬ್ಯಾಂಕಿನೋರು ಸಾಲ ಕೊಡಲ್ವಲ್ಲ, ಹಂಗೆ. ಜಾಗ ಕೊಟ್ಟೋರಿಗೆ ಒಂದು ಮೇಲ್ ಹಾಕಿದ್ರೆ ಸರಿಮಾಡಿಕೊಡ್ತಾರೆ. 2019ರಲ್ಲಿ ನಾನು ಹಾಕಿದೆ, ಒಂದೇ ದಿನದಲ್ಲಿ ಸರಿ ಆಯ್ತು. ಹುಡುಗ ಅದನ್ನ ಕೇಳೋ ಬದಲು ತನಗೆ ಗೊತ್ತಿದ್ದ ಫೈಲ್‌ಝಿಲ್ಲಾ ಹಿಡ್ಕೊಂಡ. ಬಳಸಿ ರೂಢಿ ಆದ ಕುಡುಗೋಲೇ ಕೈಗೆ ಬರೋದು, ನಾವೂ ಅಷ್ಟೇ.

ಆದ್ರೆ ಅಡ್ಮಿನ್ ಯಾಕೆ ಕೊಟ್ಟಿರಲಿಲ್ಲ ಅನ್ನೋದಕ್ಕೆ ಅವನು ಉತ್ತರ ಹೇಳಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ದೊಡ್ಡಪ್ಪ ಏನಾದ್ರೂ ಒತ್ತಿ ಕೆಡಿಸ್ತಾರೆ ಅಂತ. ಬೇರೆ ಏನಿರುತ್ತೆ.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹುಡುಗನ ಮೇಲಿನ ಸಿಟ್ಟಿಗಲ್ಲ. ಅಪ್ಪ ನೆನಪಾದ್ರು. ನಮ್ಮ ಬೋರಿನ ಮೋಟ್ರು ಮನೆ ಬೀಗದ ಕೈ ಅಪ್ಪ ಉಡಿದಾರಕ್ಕೆ ಕಟ್ಕೊಂಡಿರೋರು. ನನಗೆ ಮದುವೆಯಾಗಿ ಎರಡು ಮಕ್ಕಳಾಗಿದ್ರೂ ತೋಟಕ್ಕೆ ನೀರು ಬಿಡ್ಬೇಕು ಅಂದ್ರೆ ಅಪ್ಪನ ಮುಂದೆ ನಿಂತು ಕೇಳ್ಬೇಕಿತ್ತು. "ಫೇಸ್ ನೋಡ್ದೆ ಗುಂಡಿ ಒತ್ತಿ ಮೋಟ್ರು ಸುಡ್ತೀಯ" ಅನ್ನೋರು. ಅದು ಸುಳ್ಳಲ್ಲ. ಒಂದು ಸಲ ಸುಟ್ಟಿದ್ದೆ. ಮೂರು ಫೇಸ್‌ನಲ್ಲಿ ಒಂದು ಬಂದಿರಲಿಲ್ಲ, ನೋಡದೆ ಸ್ಟಾರ್ಟರ್ ಒತ್ತಿದೆ, ವೈಂಡಿಂಗ್ ಕರಕಲಾಯ್ತು. ಅದಾದ ಮೇಲೆ ಹನ್ನೆರಡು ವರ್ಷ ಆ ಬೀಗದ ಕೈ ನನಗೆ ಸಿಗಲಿಲ್ಲ. ಅಪ್ಪನಿಗೆ ಮಂಡಿ ನೋವು ಬಂದು ತೋಟಕ್ಕೆ ಇಳಿಯೋಕಾಗದ ದಿನ ನನ್ನ ಕೈಗೆ ಬಂತು.

ಸರಿ, ಕೆಲಸಕ್ಕೆ ಬರೋಣ.

ಆ ಗುಂಡಿ ಒತ್ತಿದಾಗ ಏನಾಗುತ್ತೆ ಅನ್ನೋದು ನನಗೆ ಬಹಳ ಖುಷಿ ಕೊಟ್ಟ ವಿಷಯ. ಪ್ಲಗಿನ್ ನಮ್ಮ ಫೋನಿಗೆ ಬಂದು ಆಮೇಲೆ ಸರ್ವರಿಗೆ ಹೋಗಲ್ಲ. ನಾವು ಬರೀ ಹೇಳ್ತೀವಿ. ನಮ್ಮ ಸರ್ವರೇ ವರ್ಡ್‌ಪ್ರೆಸ್ಸಿನ ಉಗ್ರಾಣಕ್ಕೆ ಹೋಗಿ ಆ ಪ್ಲಗಿನ್ನಿನ ಜಿಪ್ ಫೈಲ್, ಅಂದ್ರೆ ಬಾಯಿ ಹೊಲಿದ ಗೋಣಿಚೀಲ, ತರುತ್ತೆ. ಅಲ್ಲೇ ಚೀಲ ಬಿಚ್ಚಿ ಡಬ್ಲ್ಯೂಪಿ-ಕಂಟೆಂಟ್ ಅನ್ನೋ ಫೋಲ್ಡರಿನ ಒಳಗೆ ಪ್ಲಗಿನ್ಸ್ ಅನ್ನೋ ಗೂಡಿನಲ್ಲಿ ಇಡುತ್ತೆ. ಆಮೇಲೆ ಆ್ಯಕ್ಟಿವೇಟ್ ಒತ್ತಿದ್ರೆ ಕೆಲಸ ಶುರು. ಎರಡು ದೊಡ್ಡ ಕಂಪ್ಯೂಟರುಗಳ ನಡುವಿನ ವ್ಯವಹಾರ, ನಮ್ಮೂರಿನ ಸಿಗ್ನಲ್ಲಿಗೂ ಅದಕ್ಕೂ ಹೆಚ್ಚು ಸಂಬಂಧ ಇಲ್ಲ. ಮೂರು ಗಂಟೆ ಕೆಲಸ ಅರ್ಧ ನಿಮಿಷ. ನಮ್ಮ ಡೇಟಾ ಖರ್ಚಾಗೋದು ಆ ಪುಟ ನೋಡೋಕೆ ಮಾತ್ರ. ಅಡಿಕೆ ಹಾಳೆ ಮೇಲೆ ಕೂತು ಫೋನಲ್ಲೇ ಮಾಡಬಹುದು, ಮಾಡಿದೀನಿ.

ಥೀಮಿಗೂ ಹಾಗೇ. ಇದರಲ್ಲಿ ಕನ್ನಡದೋರಿಗೆ ಒಂದು ವಿಶೇಷ ಲಾಭ ಇದೆ. ಬಹಳಷ್ಟು ಥೀಮ್ ಮಾಡಿರೋದು ಇಂಗ್ಲಿಷ್ ಅಕ್ಷರಕ್ಕೆ. ಅದರಲ್ಲಿ ಸಾಲಿಗೂ ಸಾಲಿಗೂ ನಡುವೆ ಜಾಗ ಕಮ್ಮಿ. ಕನ್ನಡ ಹಾಕಿದ್ರೆ ಒತ್ತಕ್ಷರದ ಕಾಲು ಕತ್ತರಿಸಿದಂಗೆ ಕಾಣುತ್ತೆ, ಇಲ್ಲ ಕೆಳಗಿನ ಸಾಲಿನ ತಲೆ ಮೇಲೆ ಕೂರುತ್ತೆ. ಹಿಂದೆ ಒಂದು ಥೀಮ್ ಸರಿ ಇಲ್ಲ ಅಂತ ಗೊತ್ತಾಗೋಕೆ ಒಂದು ಭಾನುವಾರ, ಇನ್ನೊಂದು ನೋಡೋಕೆ ಮುಂದಿನ ಭಾನುವಾರ. ಹುಡುಗನಿಗೆ ಮುಜುಗರ ಆಗುತ್ತೆ ಅಂತ ನಾಲ್ಕು ವರ್ಷ ಒಂದು ಕೆಟ್ಟ ಥೀಮನ್ನೇ ಸಹಿಸ್ಕೊಂಡಿದ್ದೆ. ಅದರಲ್ಲಿ 'ಮೈಲುತುತ್ತ' ಅಂತ ಬರೆದ್ರೆ ಕೊನೇ ಒತ್ತು ಮಾಯ ಆಗಿ 'ಮೈಲುತುತ' ಅಂತ ಕಾಣ್ತಿತ್ತು. ಅಡ್ಮಿನ್ ಆದ ಮೊದಲ ವಾರ ಒಂದೇ ಸಂಜೆ ಏಳು ಥೀಮ್ ಹಾಕಿ ತೆಗೆದು ನೋಡ್ದೆ. ಪೂರ್ತಿ ಹಾಕೋದೂ ಬೇಡ, ಲೈವ್ ಪ್ರಿವ್ಯೂ ಅಂತ ಇರುತ್ತೆ, ಹೊರಗಿನೋರಿಗೆ ಕಾಣದಂಗೆ ನಾವು ಮಾತ್ರ ನೋಡ್ಕೋಬಹುದು. ಪರೀಕ್ಷೆಗೆ ಅಂತ ಒಂದು ಸಾಲು ಬರೆದಿಟ್ಕೊಂಡಿದ್ದೆ. 'ನೂರು ಲೀಟರ್ ಬೋರ್ಡೋಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ, ರಾಷ್ಟ್ರ, ಸ್ತ್ರೀ, ಕೃತ್ತಿಕೆ.' ಏಳನೇ ಥೀಮಿನಲ್ಲಿ ಎಲ್ಲ ಒತ್ತೂ ಕಾಲು ಚಾಚಿ ಕೂತಿದ್ವು. ಈಗಲೂ ಅದೇ ಇದೆ. ನೀವೂ ಥೀಮ್ ಆರಿಸೋವಾಗ ಅದರ ಫೋಟೋ ನೋಡಿ ಮರುಳಾಗಬೇಡಿ, ಮೂರು ಒತ್ತಕ್ಷರ ಬರೆದು ನೋಡಿ.

ಇಲ್ಲೀವರೆಗೆ ನನ್ನ ಶೌರ್ಯ. ಮುಂದಿನದು ಮಾನ ಹೋದ ಕಥೆ.

2020ರ ಜನವರಿ. ಒಂದು ವಾಟ್ಸ್ಯಾಪ್ ಗುಂಪಿನಲ್ಲಿ ಯಾರೋ ಒಂದು ಜಿಪ್ ಫೈಲ್ ಹಾಕಿದ್ರು. 'ನಾಲ್ಕು ಸಾವಿರದ ಪ್ರೀಮಿಯಂ ಥೀಮ್, ಪುಕ್ಕಟೆ' ಅಂತ. ಕೃಷಿ ವೆಬ್‌ಸೈಟಿಗೇ ಮಾಡಿದ್ದು, ಮೇಲೆ ಮಳೆ, ಬಿಸಿಲು ಚಿತ್ರ ಬರುತ್ತೆ. ಆಸೆ ಆಯ್ತು. ಉಗ್ರಾಣದಲ್ಲಿ ಇಲ್ಲದ ಥೀಮನ್ನೂ ಹಾಕಬಹುದು, ಅಪ್‌ಲೋಡ್ ಥೀಮ್ ಅಂತ ಇನ್ನೊಂದು ಗುಂಡಿ ಇದೆ, ಜಿಪ್ ಫೈಲ್ ಹಾಗೇ ಕೊಟ್ರೆ ಅದೇ ಬಿಚ್ಚಿಕೊಳ್ಳುತ್ತೆ. ಹಾಕಿದೆ. ಚೆನ್ನಾಗೇ ಕಾಣ್ತು. ಎರಡು ವಾರ ಏನೂ ಆಗಲಿಲ್ಲ.

ಒಂದಿನ ಬೆಳಿಗ್ಗೆ ಟೀ ಅಂಗಡಿಯಲ್ಲಿ ಪಕ್ಕದ ತೋಟದ ಗೌಡ್ರು ನಗ್ತಾ ಕೇಳಿದ್ರು. "ಏನಪ್ಪಾ, ಅಡಿಕೆ ಬಿಟ್ಟು ಓಸಿ ಬರೆಯೋಕೆ ಶುರು ಮಾಡ್ದಂತೆ?" ನನಗೆ ಅರ್ಥ ಆಗಲಿಲ್ಲ. ಅಲ್ಲಿದ್ದ ಹುಡುಗರು ಅವರ ಫೋನಿನಲ್ಲಿ ನಮ್ಮ ವೆಬ್‌ಸೈಟ್ ಹುಡುಕಿ ಒತ್ತಿದ್ರು. ಮಳೆ ಲೆಕ್ಕ ಬರೋ ಜಾಗಕ್ಕೆ ಜೂಜಿನ ಪುಟ ಬಂತು, ಚಕ್ರ ತಿರುಗ್ತಿತ್ತು, ಬಣ್ಣಬಣ್ಣದ ನಂಬರು. ನನ್ನ ಫೋನಲ್ಲಿ ನೋಡ್ದೆ, ಸರಿಯಾಗೇ ಇತ್ತು. ಅದೇ ಅದರ ಮೋಸ. ಲಾಗಿನ್ ಆಗಿರೋ ಯಜಮಾನನಿಗೆ ಕಾಣದಂಗೆ, ಗೂಗಲ್‌ನಿಂದ ಬರೋ ಹೊರಗಿನೋರಿಗೆ ಮಾತ್ರ ಕಾಣೋ ಹಾಗೆ ಕೋಡ್ ಬರೆದಿರ್ತಾರೆ. ಊರೆಲ್ಲ ನೋಡಿ ಮುಗಿಸಿದ ಮೇಲೆ ನನಗೆ ಗೊತ್ತಾಯ್ತು. ಎರಡು ದಿನದ ಮೇಲೆ ಜಾಗ ಕೊಟ್ಟೋರೇ ವೆಬ್‌ಸೈಟ್ ಮುಚ್ಚಿದ್ರು. ಮುಚ್ಚಿದ್ದು ಒಳ್ಳೇದೇ ಆಯ್ತು.

ದುಡ್ಡಿನ ಥೀಮಿನ ಬೀಗ ಒಡೆದು ಪುಕ್ಕಟೆ ಹಂಚೋದಕ್ಕೆ ನಲ್ಡ್ ಥೀಮ್ ಅಂತಾರೆ. ಹಂಚೋನು ಧರ್ಮಾತ್ಮ ಅಲ್ಲ, ಒಳಗೆ ತನ್ನ ಕೋಡ್ ಸೇರಿಸಿ ಹಂಚಿರ್ತಾನೆ. ಒಂದು ಥೀಮಿನಲ್ಲಿ ಬಂದದ್ದು ಪಕ್ಕದಲ್ಲಿರೋ ಒಳ್ಳೇ ಥೀಮುಗಳಿಗೂ ಹರಡುತ್ತೆ. ಹಿಂದೆ ನಾವು ಗೊಬ್ಬರ ಬುಟ್ಟಿಯಲ್ಲಿ ಹೊತ್ತು ಮರಮರಕ್ಕೂ ಹಾಕ್ತಿದ್ವಿ. ತಪ್ಪಾದ್ರೆ ಒಂದು ಮರಕ್ಕೆ ತಪ್ಪು. ಈಗ ಡ್ರಿಪ್ಪಿಗೆ ವೆಂಚುರಿ ಕೂರಿಸಿದೀವಿ, ಬಕೆಟ್ಟಿನಲ್ಲಿ ಕರಗಿಸಿಟ್ರೆ ತಾನೇ ಹೀರ್ಕೊಂಡು ಆರುನೂರು ಮರಕ್ಕೂ ಹೋಗುತ್ತೆ. ಬಕೆಟ್ಟಿನಲ್ಲಿ ಕಳೆನಾಶಕ ಇದ್ರೂ ಆರುನೂರು ಮರಕ್ಕೂ ಹೋಗುತ್ತೆ. ವೆಂಚುರಿಗೇನು ಗೊತ್ತು.

ರಾತ್ರಿ ಹುಡುಗನಿಗೆ ವಿಡಿಯೋ ಕಾಲ್ ಮಾಡ್ದೆ. ಎಲ್ಲ ಕೇಳಿಸ್ಕೊಂಡು ಅವನು ಅಂದಿದ್ದು ಒಂದೇ ಮಾತು. "ಇದಕ್ಕೇ ದೊಡ್ಡಪ್ಪ ನಾನು ಕೊಟ್ಟಿರ್ಲಿಲ್ಲ." ಬೇರೆ ಏನು ಅಂದಿದ್ರೂ ಅಷ್ಟು ನೋವಾಗ್ತಿರಲಿಲ್ಲ. ಕರಕಲಾದ ವೈಂಡಿಂಗ್ ವಾಸನೆ ಮೂಗಿಗೆ ಬಂದಂಗಾಯ್ತು. ನಾನೂ ಬಿಡಲಿಲ್ಲ. "ಹೌದಪ್ಪ, ಕೊಟ್ಟಿರ್ಲಿಲ್ಲ, ಹೇಳಿಕೊಟ್ಟೂ ಇರ್ಲಿಲ್ಲ" ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ವಿ. ಆಮೇಲೆ ಅವನೇ, "ಪೆನ್ನು ಹಾಳೆ ತಗೊಳ್ಳಿ ದೊಡ್ಡಪ್ಪ" ಅಂದ. ಹನ್ನೊಂದು ರಾತ್ರಿ ಕೂತು ಹೇಳಿಕೊಟ್ಟ. ಅಲ್ಲಿ ಅವನ ಆಫೀಸು ಮುಗಿಯೋ ಹೊತ್ತು, ಇಲ್ಲಿ ನಮಗೆ ನಿದ್ದೆ ಹೊತ್ತು.

ಸರ್ವರಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ವರ್ಡ್‌ಪ್ರೆಸ್ ಹಾಕಿದ್ವಿ. ಹುಡುಗನ ಹತ್ರ 2019ರ ಮೇ ತಿಂಗಳ ಒಂದು ಬ್ಯಾಕಪ್ ಇತ್ತು. ಅಲ್ಲಿಂದ ಮುಂದಿನ ಒಂಬತ್ತು ತಿಂಗಳು ಹೋಯ್ತು. ಮಳೆ ಲೆಕ್ಕ ಹೋಗಲಿಲ್ಲ, ಯಾಕಂದ್ರೆ ಅಪ್ಪನ ಪದ್ಧತಿ ಪ್ರಕಾರ ನಾನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದೇ ಆಮೇಲೆ ಕಂಪ್ಯೂಟರಿಗೆ ಹಾಕೋದು. ಮಾರ್ಚಿನಲ್ಲಿ ಲಾಕ್‌ಡೌನ್ ಆಯ್ತಲ್ಲ, ಮನೆಯಲ್ಲೇ ಕೂತು ಪೂರ್ತಿ ಮತ್ತೆ ಟೈಪ್ ಮಾಡ್ದೆ. ಬರಹಗಳಲ್ಲಿ ಒಂದಷ್ಟು ಈ ಪೇಜಿನಲ್ಲೂ ಹಾಕಿದ್ದೆ, ಉಳಿದ್ವು. ಫೋಟೋ ಹೋದ್ವು. ಹಿಡಿಮುಂಡಿಗೆ ಎರಡನೇ ಭಾಗದಲ್ಲಿ 'ಉಪಚಾರಕ್ಕೆ ಮುಂಚೆ ಮರ ಹೇಗಿತ್ತು, ಫೋಟೋ ಹಾಕಿ' ಅಂತ ತುಂಬಾ ಜನ ಕೇಳಿದ್ರಲ್ಲ, ಆ ಫೋಟೋ ಇದ್ದದ್ದು ಅಲ್ಲೇ. ಫೋನಲ್ಲಿ ಜಾಗ ಇಲ್ಲ, ಹೇಗೂ ವೆಬ್‌ಸೈಟಿನಲ್ಲಿದೆ ಅಂತ ಫೋನಿಂದ ಅಳಿಸಿದ್ದೆ. ಇನ್ನು ಅದು ಸಿಗಲ್ಲ. ಉಪಚಾರದಿಂದ ಮರ ಸುಧಾರಿಸಿತು ಅಂತ ನಾನು ಹೇಳಿದ್ರೆ ನೀವು ನಂಬಬೇಕು ಅಷ್ಟೇ, ತೋರಿಸೋಕೆ ನನ್ನ ಹತ್ರ ಏನೂ ಇಲ್ಲ.

ಈಗ ನಾನು ಹೇಗೆ ಮಾಡ್ತೀನಿ ಅಂದ್ರೆ, ಯಾವುದೇ ಗುಂಡಿ ಒತ್ತೋ ಮುಂಚೆ ಬ್ಯಾಕಪ್. ಅದಕ್ಕೂ ಪ್ಲಗಿನ್ ಇದೆ. ನಾನು ಅಪ್‌ಡ್ರಾಫ್ಟ್‌ಪ್ಲಸ್ ಹಾಕಿದೀನಿ, ಪುಕ್ಕಟೆದೇ, ಪೂರ್ತಿ ವೆಬ್‌ಸೈಟನ್ನ ಗೂಗಲ್ ಡ್ರೈವಿಗೆ ನಕಲು ಮಾಡಿಡುತ್ತೆ. ಅದೇ ಸರ್ವರಿನಲ್ಲಿ ಬ್ಯಾಕಪ್ ಇಟ್ರೆ ಉಪಯೋಗ ಇಲ್ಲ, ಕಣದಲ್ಲಿ ಬೆಂಕಿ ಬಿದ್ರೆ ಕಣದಲ್ಲೇ ಇಟ್ಟ ಬಿತ್ತನೆ ಬೀಜ ಉಳಿಯುತ್ತಾ. ಮಳೆ ಕೋಷ್ಟಕಕ್ಕೆ ಟೇಬಲ್‌ಪ್ರೆಸ್. ಇನ್ನೊಂದು ಭದ್ರತೆಗೆ. ಒಟ್ಟು ಐದೇ ಪ್ಲಗಿನ್, ಹಿಂದೆ ಹತ್ತೊಂಬತ್ತು ಇದ್ವು. ಬಳಸದೇ ಇರೋದನ್ನ ಡೀಆ್ಯಕ್ಟಿವೇಟ್ ಮಾಡಿ ಬಿಟ್ರೆ ಸಾಲಲ್ಲ, ಫೈಲ್ ಅಲ್ಲೇ ಇರುತ್ತೆ. ಡಿಲೀಟ್ ಒತ್ತಬೇಕು.

ಉಗ್ರಾಣದಲ್ಲಿ ಪ್ಲಗಿನ್ ಆರಿಸೋವಾಗ ನಕ್ಷತ್ರ ಎಷ್ಟಿದೆ ಅನ್ನೋದಕ್ಕಿಂತ ಕೊನೇ ಸಲ ಯಾವಾಗ ತಿದ್ದಿದಾರೆ ಅನ್ನೋದನ್ನ ನೋಡ್ತೀನಿ. ಎಷ್ಟು ಜನ ಹಾಕಿದಾರೆ ಅಂತಾನೂ ಅಲ್ಲೇ ಇರುತ್ತೆ. ಹೊಸ ವರ್ಡ್‌ಪ್ರೆಸ್ ಜೊತೆ ಪರೀಕ್ಷೆ ಮಾಡಿಲ್ಲ ಅಂತ ಹಳದಿ ಪಟ್ಟಿ ಬಂದ್ರೆ ಬಿಟ್ಟುಬಿಡ್ತೀನಿ. ಮಾಡಿದೋರು ಕೈಬಿಟ್ಟ ಪ್ಲಗಿನ್ ಅಂದ್ರೆ ಬೇಲಿ ಬಿದ್ದ ತೋಟ.

ಜಿಪ್ ಫೈಲನ್ನೇ ಹಾಕಬೇಕಾಗಿ ಬಂದ್ರೆ, ದುಡ್ಡು ಕೊಟ್ಟು ಮಾಡಿದೋರ ಹತ್ರಾನೇ ತಗೊಂಡಿದ್ದಾದ್ರೆ ಮಾತ್ರ. ಅಲ್ಲೂ ಎರಡು ತೊಡಕು ಬರುತ್ತೆ, ಮೊದಲೇ ತಿಳ್ಕೊಳ್ಳಿ. 'ಸ್ಟೈಲ್ ಡಾಟ್ ಸಿಎಸ್‌ಎಸ್ ಇಲ್ಲ, ಥೀಮ್ ಹಾಕೋಕಾಗಲ್ಲ' ಅಂದ್ರೆ ಗಾಬರಿ ಬೇಡ. ಮಾರೋರು ಎಷ್ಟೋ ಸಲ ಚೀಲದೊಳಗೆ ಚೀಲ ಇಟ್ಟು ಕೊಟ್ಟಿರ್ತಾರೆ, ಹೊರಗಿನದು ಬಿಚ್ಚಿ ಒಳಗಿನ ಜಿಪ್ ಮಾತ್ರ ಕೊಡಬೇಕು. ಇನ್ನೊಂದು, ಫೈಲ್ ದೊಡ್ಡದಾಯ್ತು ಅಂತ ತಡೆಯುತ್ತೆ. ಎಷ್ಟು ದೊಡ್ಡ ಚೀಲ ಒಳಗೆ ಬಿಡಬೇಕು ಅನ್ನೋ ಮಿತಿ ಸರ್ವರಿನಲ್ಲಿ ಇರುತ್ತೆ. ಬೇರೇನೂ ಹೇಳದೇ ಇದ್ರೆ ಅದು 2 ಎಂಬಿ. ಜಾಗ ಕೊಟ್ಟೋರಿಗೆ ಹೇಳಿದ್ರೆ ಏರಿಸ್ತಾರೆ.

ಹಳೇ ಫೈಲ್ ಸಾಗಿಸೋ ವಿದ್ಯೆ ಪೂರ್ತಿ ದಂಡ ಅಂತಲೂ ತಿಳ್ಕೋಬೇಡಿ. ಒಂದು ಪ್ಲಗಿನ್ ಕೆಟ್ಟು ಲಾಗಿನ್ನೇ ಆಗೋಕಾಗದಿದ್ದಾಗ ಸರ್ವರಿನ ಫೈಲ್ ಮ್ಯಾನೇಜರ್ ತೆಗೆದು ಆ ಪ್ಲಗಿನ್ನಿನ ಫೋಲ್ಡರ್ ಹೆಸರು ಬದಲಾಯಿಸಿದ್ರೆ ಅದು ತಾನೇ ನಿಂತು ಬಾಗಿಲು ತೆರೆಯುತ್ತೆ. 2019ರ ಮೇನಲ್ಲಿ ಬಂದ 5.2ರಿಂದ ಈಚೆಗೆ ವರ್ಡ್‌ಪ್ರೆಸ್ಸೇ ಅಡ್ಮಿನ್‌ಗೆ ಮೇಲ್ ಕಳಿಸುತ್ತೆ, ಈ ಪ್ಲಗಿನ್ನಿನಿಂದ ಕೆಟ್ಟಿದೆ, ಈ ಲಿಂಕ್ ಒತ್ತಿ ಒಳಗೆ ಬಂದು ಸರಿಮಾಡ್ಕೋ ಅಂತ. ಹಾಗಾಗಿ ಅಲ್ಲಿ ಕೊಟ್ಟಿರೋ ಮೇಲ್ ಐಡಿ ನಿಮ್ಮದೇ ಆಗಿರಬೇಕು. ನಮ್ಮದರಲ್ಲಿ ಹುಡುಗನ ಹಳೇ ಕಾಲೇಜಿನ ಮೇಲ್ ಐಡಿ ಇತ್ತು, ಅದು ಮುಚ್ಚಿ ಎಷ್ಟೋ ವರ್ಷ ಆಗಿತ್ತು.

ನರ್ಸರಿ ಹುಡುಗನಿಗೆ ಇಷ್ಟನ್ನೂ ಹೇಳಿ ಕೊನೆಗೆ ಅಂದೆ. "ಮೂರು ಸಾವಿರ ಕೊಡೋ ಮುಂಚೆ ಅಡ್ಮಿನ್ ಕೇಳು. ಜಾಗ ನಿಂದು, ಬಾಡಿಗೆ ಕಟ್ಟೋನು ನೀನು. ಕೊಡಲ್ಲ ಅಂದ್ರೆ ಆಗ ಯೋಚನೆ ಮಾಡು. ಕೊಟ್ಟ ದಿನಾನೇ ಕಂಡಕಂಡ ಗುಂಡಿ ಒತ್ತಬೇಡ. ಅವರಿಗೇ ಒಂದು ಸಾವಿರ ಕೊಟ್ಟು, ಪಕ್ಕ ಕೂರಿಸ್ಕೊಂಡು ಒಂದು ಸಲ ನಿನ್ನ ಕೈಯಿಂದಲೇ ಮಾಡಿಸು ಅನ್ನು." ಸರಿ ಅಣ್ಣಾರೆ ಅಂದ.

ಫೋನ್ ಇಟ್ಟೆ. ನಮ್ಮನೆಯವಳು ಪಡಸಾಲೆಯಲ್ಲಿ ಕೂತು ಅಡಿಕೆ ಆರಿಸ್ತಾ ಎಲ್ಲ ಕೇಳಿಸ್ಕೊಂಡಿದ್ಲು. ಎರಡು ವರ್ಷದಿಂದ ನಾನು ಊರಲ್ಲಿಲ್ಲದ ದಿನ ಮಳೆ ಲೆಕ್ಕ ಅವಳೇ ನೋಡಿ ಅವಳ ಫೋನಿನಿಂದಲೇ ಹಾಕ್ತಾಳೆ. ತಲೆ ಎತ್ತದೆ ಕೇಳಿದ್ಲು. "ನನ್ನ ಫೋನಲ್ಲೂ ಆ ಪಟ್ಟಿ ಗಿಡ್ಡ ಐತಲ್ರೀ. ನಿಮ್ಮದರಲ್ಲಿ ಉದ್ದ ಐತಾ?"

ಬ್ಯಾಕಪ್ ತಗೊಂಡು ಬರ್ತೀನಿ ಇರು ಅಂತ ಎದ್ದು ಒಳಗೆ ಹೋದೆ.

ಹಿಡಿಮುಂಡಿಗೆ ಮೂರನೇ ಭಾಗ ಮುಂದಿನ ಭಾನುವಾರ.